ಮಳೆ ಬಿದ್ದ ಎಂಟನೇ ದಿನ

ಕೊಡಗಿನ ಅಮ್ಮತ್ತಿಗೆ ಇನ್ನೆರಡು ಕಿಲೋಮೀಟರ್ ಇದೆ ಅನ್ನುವಾಗ ಕ್ಲಚ್ ಪೆಡಲ್ ಸೀದಾ ಕುಸಿದು ಕೂತುಬಿಟ್ಟಿತು. ಕಾಲಿನಿಂದ ಎತ್ತಿದರೂ ಮೇಲೆ ಬರಲಿಲ್ಲ. ಮಾರ್ಚ್ ನಡುಭಾಗದ ಶನಿವಾರ, ಸಂಜೆ ನಾಲ್ಕೂವರೆ. ರಸ್ತೆಯ ಎರಡೂ ಬದಿ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ಮನೆಯೂ ಕಣ್ಣಿಗೆ ಬೀಳಲಿಲ್ಲ. ಕೆಲಸ ಹೋಗಿ ಆವತ್ತಿಗೆ ಹದಿನೈದು ದಿನ.

ಹನ್ನೊಂದು ವರ್ಷ ಬೆಂಗಳೂರಿನ ಒಂದೇ ಕಂಪನಿಯಲ್ಲಿದ್ದೆ. ಫೆಬ್ರವರಿ ಕೊನೆಗೆ ನಮ್ಮ ಇಡೀ ತಂಡವನ್ನೇ ಮನೆಗೆ ಕಳಿಸಿದರು. ಬೆಳಗ್ಗೆ ಎದ್ದು ಅರ್ಜಿ ಹಾಕುವುದು, ಮಧ್ಯಾಹ್ನ ಮೇಲ್ ನೋಡುವುದು, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡುವುದು, ದಿನ ಕಳೆಯುತ್ತಿದ್ದದ್ದೇ ಹೀಗೆ. ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್, ಅವಳಿಗದು ಪರೀಕ್ಷೆಯ ಕಾಲ. ಒಂದು ರಾತ್ರಿ ಉತ್ತರ ಪತ್ರಿಕೆ ತಿದ್ದುತ್ತ, ತಲೆ ಎತ್ತದೆ ಹೇಳಿದಳು: "ಗಾಡಿ ತಗೊಂಡು ಎಲ್ಲಿಗಾದರೂ ಹೋಗಿ ಬನ್ನಿ. ನೀವು ಹೀಗೆ ಫೋನ್ ಹಿಡ್ಕೊಂಡು ಕೂತಿರೋದನ್ನ ನೋಡಕ್ಕಾಗಲ್ಲ."

ಪ್ಲಾನ್ ಅಂತ ಇದ್ದದ್ದು ಇಷ್ಟೇ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆಯಿಂದ ಕೊಡಗಿಗೆ ಹೋಗುವುದು. ಸಂಜೆ ಐದಕ್ಕೆ ಯಾವ ಊರಲ್ಲಿದ್ದೇನೋ ಅಲ್ಲೇ ರೂಮು ಹುಡುಕುವುದು. ದಿನಕ್ಕೆ 2,000 ರೂಪಾಯಿ ದಾಟಬಾರದು. ಗುಡ್ಡೆಹೊಸೂರಿನಲ್ಲಿ ಮಡಿಕೇರಿಯ ದಾರಿ ಬಿಟ್ಟು ಎಡಕ್ಕೆ ತಿರುಗಿ, ನೆಲ್ಯಹುದಿಕೇರಿಯಲ್ಲಿ ಕಾವೇರಿ ದಾಟಿ, ಸಿದ್ದಾಪುರದಲ್ಲಿ ಚಹಾ ಕುಡಿದು ಹೊರಟವನು ಇಲ್ಲಿ ಸಿಕ್ಕಿಹಾಕಿಕೊಂಡೆ.

ಜೀಪಿನವರೊಬ್ಬರು ಹಗ್ಗ ಕಟ್ಟಿ ಗ್ಯಾರೇಜಿನ ತನಕ ಎಳೆದುಕೊಂಡು ಹೋದರು. ದುಡ್ಡು ಕೊಡಹೋದರೆ ಕೈ ಅಲ್ಲಾಡಿಸಿ ಹೊರಟುಬಿಟ್ಟರು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಕೇಬಲ್ ಕಟ್ಟಾಗಿದೆ ಅಣ್ಣ. ವಿರಾಜಪೇಟೆಯಿಂದ ತರಿಸ್ಬೇಕು. ನಾಳೆ ಭಾನುವಾರ, ಅಂಗಡಿ ಇಲ್ಲ. ಸೋಮವಾರ ಫಸ್ಟ್ ಬಸ್ಸಿಗೆ ಹಾಕಿ ಕಳಿಸ್ತಾರೆ" ಅಂದ. ಕಂಡಕ್ಟರ್ ಕೈಗೆ ಪೊಟ್ಟಣ ಕೊಟ್ಟರೆ ಅದು ಊರು ತಲುಪುತ್ತದೆ, ಇಲ್ಲಿನ ಪದ್ಧತಿ ಅದು. ಆಮೇಲೆ ಅವನೇ, "ಹತ್ತಿರ ಒಂದು ಮನೇಲಿ ರೂಮ್ ಉಂಟು, ನಾನೇ ಬಿಡ್ತೇನೆ. ನಡ್ಕೊಂಡು ಮಾತ್ರ ಹೋಗ್ಬೇಡಿ, ಆನೆ ಉಂಟು ಈ ಕಡೆ" ಅಂದ.

ಆ ಮನೆಯಲ್ಲಿ ಇದ್ದದ್ದು ಎಪ್ಪತ್ತು ದಾಟಿದ ಅಂಕಲ್, ಆಂಟಿ, ಇಬ್ಬರೇ. ಮಕ್ಕಳು ಹೊರಗೆ ಕೆಲಸದಲ್ಲಿದ್ದಾರೆ. ಬೆಲ್ಲದ ಕಾಫಿ ಕೊಟ್ಟು ಅಂಕಲ್ ಮೊದಲು ಕೇಳಿದ್ದು, "ಯಾವ ಊರು? ಯಾರ ಮನೆಯವರು?" ಅಂತ. ಕೊಡವರಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ತಿಳಿಯದೆ ಪರಿಚಯ ಮುಂದೆ ಸಾಗುವುದಿಲ್ಲ. ಆ ಒಂದು ಹೆಸರಿನಲ್ಲಿ ಒಕ್ಕ (ಕುಲ), ಊರು, ನೆಂಟರು ಎಲ್ಲ ಬಂದುಬಿಡುತ್ತದೆ. ನನಗೆ ಅಂಥ ಹೆಸರಿಲ್ಲ. ತಿಪಟೂರಿನ ಹತ್ತಿರ, ತೆಂಗಿನ ತೋಟ, ಅಪ್ಪ ಪೋಸ್ಟ್ ಆಫೀಸಿನಲ್ಲಿದ್ದರು ಅಂದೆ. ಅವರಿಗೆ ಅಷ್ಟು ಸಾಕಾಯಿತು. "ಏನು ಮಾಡ್ಕೊಂಡಿದ್ದೀರಿ?" ಅನ್ನುವ ಪ್ರಶ್ನೆ ಬರುತ್ತದೆಂದು ಕಾದೆ, ಬರಲೇ ಇಲ್ಲ. ಆ ಎರಡು ವಾರ ಮದುವೆ ಮನೆಯಿರಲಿ, ತರಕಾರಿ ಅಂಗಡಿಯಿರಲಿ, ನಾನು ಅತಿ ಹೆಚ್ಚು ಹೆದರಿದ್ದು ಆ ಪ್ರಶ್ನೆಗೇ.

ಆರು ಗಂಟೆಗೆ ಗುಡುಗು. ಆಂಟಿ ಒಳಗಿಂದ ಕೂಗಿದ್ದು ಕೊಡವ ತಕ್ಕಿನಲ್ಲಿ, ಆದರೂ ಅರ್ಥವಾಯಿತು: ಕಣದಲ್ಲಿ ಕಾಫಿ ಇದೆ! ಮೂವರೂ ಓಡಿದೆವು. ಕೊನೆಯ ಕೊಯ್ಲಿನ ರೊಬಸ್ಟಾ, ಒಣಗಿ ಕಪ್ಪಾಗಿ, ಕೈಯಲ್ಲಿ ಹಿಡಿದರೆ ಒಳಗಿನ ಬೀಜ ಗಲಗಲ ಅನ್ನುತ್ತಿತ್ತು. ಇನ್ನೆರಡು ದಿನ ಬಿಸಿಲಿದ್ದಿದ್ದರೆ ಮೂಟೆಗೆ ತುಂಬುವಂತಿತ್ತು. ಮರದ ಹಲಗೆಯಲ್ಲಿ ಎಳೆದು ಗುಡ್ಡೆ ಮಾಡಿ, ಟಾರ್ಪಾಲ್ ಹೊದೆಸಿ, ಅಂಚಿಗೆ ಕಲ್ಲಿಡುವಷ್ಟರಲ್ಲಿ ದೊಡ್ಡ ದೊಡ್ಡ ಹನಿ. ನನ್ನ ಕಡೆಯ ಮೂಲೆ ಗಾಳಿಗೆ ಹಾರಿತು. ಅದರ ಮೇಲೆ ಮಂಡಿಯೂರಿ ಕೂತೆ. ಅಂಕಲ್ ಕಲ್ಲು ತಂದಿಡುವವರೆಗೂ ಅಲ್ಲೇ ನೆನೆದೆ.

ಜಗಲಿಗೆ ಬಂದ ಮೇಲೆ ಇಬ್ಬರೂ ಮಾತೇ ಆಡಲಿಲ್ಲ. ಅಂಕಲ್ ಗೋಡೆ ಗಡಿಯಾರ ನೋಡುತ್ತ ಕೂತರು. ಇದು ಹೂ ಮಳೆ. ಗಿಡದಲ್ಲಿ ಮೊಗ್ಗು ತಯಾರಾಗಿ ಕಾದಿರುತ್ತದೆ, ಒಂದು ಒಳ್ಳೆಯ ಮಳೆ ಬಿದ್ದರೆ ಅರಳುತ್ತದೆ. ಅರ್ಧಂಬರ್ಧ ಸುರಿದು ನಿಂತರೆ ಮೊಗ್ಗು ಸರಿಯಾಗಿ ಬಿಡಿಸಿಕೊಳ್ಳದೆ ಕೆಡುತ್ತದೆ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಇವರ ಕೆರೆ ತಳ ಕಂಡಿತ್ತು. ಮುಕ್ಕಾಲು ಗಂಟೆ ಒಂದೇ ಸಮನೆ ಸುರಿಯಿತು. ಮಳೆ ನಿಂತ ಮೇಲೆ ಆಂಟಿ ಎದ್ದು ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪಕ್ಕೆ ಎಣ್ಣೆ ಹಾಕಿದರು.

ಬೆಳಗ್ಗೆ ಅಂಕಲ್ ಅಂಗಳದ ಮಳೆಮಾಪಕದಿಂದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "1 ಇಂಚು 15 ಸೆಂಟ್" ಅಂದರು. ಇಲ್ಲಿ ಮಳೆಯ ಲೆಕ್ಕ ಇಂಚಿನಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಅವರ ಅಪ್ಪನ ಕಾಲದಿಂದ ಬರೆದಿಟ್ಟ ಪುಸ್ತಕದಲ್ಲಿ ಅದನ್ನೂ ಬರೆದರು. ಆಮೇಲೆ ಫೋನೋ ಫೋನು. ಸಿದ್ದಾಪುರದಲ್ಲಿ 60 ಸೆಂಟ್, ಪಾಲಿಬೆಟ್ಟದಲ್ಲಿ 90, ಗೋಣಿಕೊಪ್ಪದ ಕಡೆ ಬರೀ 20. ಇಪ್ಪತ್ತು ಅಂದವರ ಹತ್ತಿರ ಅಂಕಲ್ ದನಿ ತಗ್ಗಿಸಿ, ಸಮಾಧಾನ ಹೇಳುವವರಂತೆ ಮಾತಾಡಿದರು.

"ಹೂ ನೋಡಿದ್ದೀರಾ?" ಆಂಟಿ ಕೇಳಿದರು. ಇಲ್ಲ ಅಂದೆ. ಕೊಡಗಿಗೆ ನಾಲ್ಕು ಸಲ ಬಂದಿದ್ದೇನೆ, ಯಾವಾಗಲೂ ಶನಿವಾರ ಬೆಳಗ್ಗೆ ಬಂದು ಭಾನುವಾರ ಸಂಜೆ ಹೊರಡುವವನು. ಹೂ ಅರಳುವುದು ಮಳೆ ನೋಡಿಕೊಂಡು, ರಜೆ ಚೀಟಿ ನೋಡಿಕೊಂಡಲ್ಲ. "ಮಳೆ ಬಿದ್ದ ಎಂಟನೇ ದಿನ ಬಿಡ್ತದೆ. ಮುಂದಿನ ಭಾನುವಾರ ಬನ್ನಿ" ಅಂದರು. ಬರ್ತೀನಿ ಆಂಟಿ ಅಂದೆ. ಹಾಗೆ ಹೇಳಲು ಸಾಧ್ಯವಾಯಿತಲ್ಲ ಎಂದು ಎದೆ ತುಂಬಿ ಬಂತು.

ಸೋಮವಾರ ಕೇಬಲ್ ಬಂತು, ಹೊರಟೆ. ಶ್ರೀಮಂಗಲದ ದಾರಿಯಲ್ಲಿ ಕುಟ್ಟದ ಕಡೆ ಹೋಗಿ ಇರ್ಪು ಜಲಪಾತ ನೋಡಿದೆ. ಬೇಸಿಗೆಯ ಲಕ್ಷ್ಮಣತೀರ್ಥ ನದಿ ಬಂಡೆಗೆ ಅಂಟಿಕೊಂಡು ತೆಳ್ಳಗೆ ಇಳಿಯುತ್ತಿತ್ತು. ಕಕ್ಕಬ್ಬೆಯಲ್ಲಿ ಎರಡು ರಾತ್ರಿ. ತಡಿಯಂಡಮೋಳ್, 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ತುದಿ ಮುಟ್ಟಿ ಬಂದು ಮೂರು ದಿನ ತೊಡೆ ನೋವು. ಅದರ ಬುಡದಲ್ಲೇ ನಾಲ್ಕುನಾಡು ಅರಮನೆ. 1834ರಲ್ಲಿ ಬ್ರಿಟಿಷರು ಬಂದಾಗ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜ ಸೇರಿಕೊಂಡಿದ್ದು ಇಲ್ಲೇ. ಅರಮನೆ ಅಂದರೆ ದೊಡ್ಡದನ್ನು ಎಣಿಸಿಕೊಂಡು ಹೋಗಬೇಡಿ, ಮರದ ಕಂಬಗಳ ಎರಡಂತಸ್ತಿನ ಮನೆ. ಮುಂದೆ ಭಾಗಮಂಡಲ. ಮಳೆಗಾಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗುತ್ತದೆಂದು ಈಗ ಮೇಲ್ಸೇತುವೆ ಕಟ್ಟಿದ್ದಾರೆ. ತಲಕಾವೇರಿಯಲ್ಲಿ 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದದ್ದು ನೆನಪಾಗಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. 1961ರಲ್ಲಿ ಸೇನೆಯಿಂದ ನಿವೃತ್ತರಾದವರು, 1964ರಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದರು, ಮುಂದಿನ ವರ್ಷ ಅಲ್ಲೇ ತೀರಿಕೊಂಡರು. ಜನ ಅವರ ಯುದ್ಧದ ದಿನಗಳ ಫೋಟೋ ನೋಡುತ್ತಿದ್ದರು. ನನ್ನ ಮನಸ್ಸು ಮಾತ್ರ ನಡುವಿನ ಆ ಮೂರು ವರ್ಷದ ಮೇಲೆಯೇ ಇತ್ತು. ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರೋ ಎಂದು ಆ ಮನೆಯ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತೆ.

ಗುರುವಾರ ಅಲ್ಲಿರುವಾಗಲೇ ಒಂದು ಕಂಪನಿಯಿಂದ ಫೋನ್. ಶನಿವಾರ ಬೆಂಗಳೂರಿಗೆ ಇಂಟರ್‌ವ್ಯೂಗೆ ಬರಬಹುದಾ? ಬಾಯಿಗೆ ಬಂದದ್ದು "ಆಗಲಿ ಮೇಡಂ". ಅದನ್ನು ನುಂಗಿ, "ಮಂಗಳವಾರ ಆಗಬಹುದಾ?" ಅಂದೆ. ಕೇಳಿ ಹೇಳ್ತೀವಿ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಕೈಯಲ್ಲಿರುವ ದುಡ್ಡು ನಾಲ್ಕು ತಿಂಗಳಿಗೆ, ಹೂ ನೋಡಬೇಕೆಂದು ಇಂಟರ್‌ವ್ಯೂ ಮುಂದೂಡುವುದಾ? ಹೆಂಡತಿಗೆ ಹೇಳಿದರೆ ಅವಳು ಕೇಳಿದ್ದೇ ಬೇರೆ: "ಶನಿವಾರ ರಾತ್ರಿ ವಿರಾಜಪೇಟೆಗೆ ಬಸ್ಸು ಇದೆಯಾ?" ಮಂಗಳವಾರವೇ ಆಗಲಿ ಅಂತ ಶುಕ್ರವಾರ ಮೆಸೇಜ್ ಬಂತು.

ಭಾನುವಾರ ಬೆಳಗಿನ ಜಾವ ಅವಳನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬರುವಾಗ ಇನ್ನೂ ಕತ್ತಲೆ. ಗ್ಲಾಸ್ ಇಳಿಸಿದ್ದೆವು. ಅಮ್ಮತ್ತಿ ಹತ್ತಿರ ಬರುವ ಮುಂಚೆಯೇ ವಾಸನೆ ಬಂತು. ಮಲ್ಲಿಗೆ ಅನ್ನಬೇಕು, ಆದರೆ ಮೊಳ ಮಾರು ಲೆಕ್ಕದ್ದಲ್ಲ, ಊರಿಗೆ ಊರೇ ಮುಡಿದುಕೊಂಡಂತೆ. ಬೆಳಕಾದ ಮೇಲೆ ನೋಡಿದರೆ ತೋಟವೆಲ್ಲ ಬೆಳ್ಳಗೆ. ಒಂದು ರೆಂಬೆ ಹಿಡಿದೆ. ಎಲೆ ಹೊರಡುವ ಗೆಣ್ಣು ಗೆಣ್ಣಿಗೂ ಸುತ್ತ ಒತ್ತಾಗಿ ಹೂ, ತೆಳ್ಳನೆಯ ಉದ್ದ ಎಸಳು. ಗೊಂಚಲಿನ ನಡುವೆ ಹೊಟ್ಟೆಯವರೆಗೂ ಪರಾಗ ಮೆತ್ತಿಕೊಂಡ ತುಡುವೆ ಜೇನು. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದಿಂದ ಜೇನೋ ಗಾಳಿಯೋ ತರಬೇಕು. ಇಡೀ ತೋಟ ಗುಂಯ್‌ಗುಡುತ್ತಿತ್ತು. ಇದು ಎರಡು ಮೂರು ದಿನ ಮಾತ್ರ, ಆಮೇಲೆ ಕಂದಾಗಿ ಉದುರುತ್ತದೆ. ಹೆಂಡತಿ ಏನೂ ಮಾತಾಡದೆ ಚಪ್ಪಲಿ ಬಿಟ್ಟು ಸಾಲುಗಳ ನಡುವೆ ನಡೆದು ಹೋದಳು.

ಆಂಟಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಮಾಡಿದ್ದರು. ಹೊರಡುವಾಗ ಒಂದು ಬಾಟಲಿ ಕಾಚಂಪುಳಿ, ಅಡುಗೆಗೆ ಹಾಕುವ ಕಪ್ಪು ಹುಳಿರಸ, ಕೊಟ್ಟು, ಒಂದು ಅಡುಗೆಗೆ ಒಂದೇ ಚಮಚ, ಜಾಸ್ತಿ ಹಾಕಿದರೆ ಕೆಡ್ತದೆ ಎಂದು ಹೆಂಡತಿಗೆ ಎರಡು ಸಲ ಹೇಳಿದರು. ಅಂಕಲ್ ನನ್ನ ನಂಬರ್ ಬರೆದುಕೊಂಡರು. ಹೂವಾದ ಮೇಲೆ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಮಳೆ. ಅದು ಬಂದರೇ ಕಾಯಿ ನಿಲ್ಲುವುದು.

ಮಂಗಳವಾರದ ಇಂಟರ್‌ವ್ಯೂ ಚೆನ್ನಾಗಿ ಆಯಿತು. ಎರಡನೇ ಸುತ್ತಿಗೆ ಕರೆದಿದ್ದಾರೆ, ಮುಂದಿನದು ಗೊತ್ತಿಲ್ಲ. ನಿನ್ನೆ ರಾತ್ರಿ ಒಂಬತ್ತಕ್ಕೆ ಅಂಕಲ್ ಮೆಸೇಜ್ ಬಂತು: "ಇವತ್ತು 85 ಸೆಂಟ್."