ಜಡಿಮಳೆಯಲ್ಲಿ ಕೆರೆ ಹಕ್ಕಿ ಎಣಿಕೆ: ಚಿತ್ತೆಯಿಂದ ಅನೂರಾಧದವರೆಗೆ

ಕೋಲಾರ ತಾಲ್ಲೂಕಿನ ಒಂದು ದೊಡ್ಡ ಕೆರೆ, ಅದರ ಏರಿ ಕೆಳಗಿನ ತರಿ ಹೊಲ, ಮೇಲ್ಗಡೆ ರಾಗಿ ಹೊಲಗಳ ನಡುವಿನ ಎರಡು ಕುಂಟೆ. ಈ ನಾಲ್ಕು ಕಡೆ ಹಿಂಗಾರಿನುದ್ದಕ್ಕೂ ವಾರಕ್ಕೊಮ್ಮೆ ನೀರುಹಕ್ಕಿ ಎಣಿಸುವುದು ನಮ್ಮ ಕೆಲಸ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಅದು ಬೇಕೇ ಬೇಕು. ಆದರೆ ಜನವರಿ ಹೊತ್ತಿಗೆ ಕೆರೆ ಒಂದು ಹದಕ್ಕೆ ಬಂದು ನಿಂತಿರುತ್ತದೆ. ವಲಸೆ ಹಕ್ಕಿ ಬಂದಿಳಿಯುವುದೂ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಒಂದರ ಬೆನ್ನಿಗೊಂದು ಮಳೆ ಸುರಿಸುವುದೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆ ಮೂರು ತಿಂಗಳಲ್ಲಿ ನೀರಿನ ಮಟ್ಟ ಬರೆಯದೆ ಬರೀ ಹಕ್ಕಿ ಲೆಕ್ಕ ಬರೆದರೆ ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ.

ಚಿತ್ತೆ ಮಳೆ (ಅಕ್ಟೋಬರ್ ನಡುವೆ)

ಮೊದಲ ಕೆಲಸ ಅಳತೆಗೋಲು. ಮೂರು ಮೀಟರ್ ಬಿದಿರಿಗೆ 10 ಸೆಂಟಿಮೀಟರ್‌ಗೆ ಒಂದರಂತೆ ಕೆಂಪು, ಬಿಳಿ ಎನಾಮಲ್ ಪಟ್ಟೆ ಹೊಡೆದು ಕೆರೆಯೊಳಗೆ ನೆಟ್ಟದ್ದಾಯಿತು. ಎರಡನೇ ವಾರಕ್ಕೇ ವಾಲಿತು. ಗೋಡುಮಣ್ಣು ಮೇಲೆ ಬಿಗಿಯಾಗಿ ಕಂಡರೂ ಒಂದು ಮೊಳ ಕೆಳಗೆ ಅಂಬಲಿಯಂತೆ ಇರುತ್ತದೆ. ಗಾಳಿ ತಳ್ಳಿ ತಂದ ಜೊಂಡಿನ ಮುದ್ದೆ ತಗುಲಿದರೆ ಕೋಲು ನಿಲ್ಲುವುದಿಲ್ಲ. ಈಗ ಕೋಲು ಬಿಟ್ಟು ತೂಬಿನ ಮೆಟ್ಟಿಲನ್ನೇ ಗುರುತಾಗಿ ಇಟ್ಟುಕೊಂಡಿದ್ದೇವೆ: ಮೇಲಿನಿಂದ ಎಷ್ಟನೇ ಮೆಟ್ಟಿಲವರೆಗೆ ನೀರು, ಅದರ ಮೇಲೆ ಎಷ್ಟು ಬೆರಳು. ಕಲ್ಲು ಕದಲುವುದಿಲ್ಲ, ಮುಂದಿನ ವರ್ಷಕ್ಕೂ ಅದೇ ಗುರುತು.

ಮಟ್ಟಕ್ಕೆ ಇಷ್ಟು ಒತ್ತು ಯಾಕೆಂದರೆ ಕೆರೆಯಂಗಳ ಬಹಳ ಚಪ್ಪಟೆ. ನೂರು ಮೀಟರ್‌ಗೆ ಒಂದು ಮೀಟರ್ ಇಳಿಜಾರಿದ್ದರೆ ನೀರು 10 ಸೆಂಟಿಮೀಟರ್ ಏರಿದಾಗ ದಡ 10 ಮೀಟರ್ ಹಿಂದೆ ಸರಿಯುತ್ತದೆ. ಗೊರವಗಳೆಂದರೆ ನೀರಂಚಿನ ಕೆಸರಿನಲ್ಲಿ ಮೇಯುವ ಹಕ್ಕಿಗಳು. ಪಟ್ಟೆ ಗೊರವಕ್ಕೆ ಬೇಕಾದದ್ದು ಒದ್ದೆ ಕೆಸರು, ಬೆರಳು ಮುಳುಗುವಷ್ಟು ನೀರಾದರೂ ಅದಕ್ಕೆ ಹೆಚ್ಚೇ. ಗದ್ದೆಗೊರವ ಅದಕ್ಕಿಂತ ಸ್ವಲ್ಪ ಆಳಕ್ಕೆ ಇಳಿದೀತು, ಮೆಟ್ಟುಗಾಲು ಹಕ್ಕಿ ಗೇಣಾಳದವರೆಗೆ ಹೋದೀತು. ಒಂದು ರಾತ್ರಿಯ ಮಳೆಗೆ ಈ ಕೆಸರಂಚು ಪೂರ್ತಿ ಮುಳುಗಿ ನೀರು ಜಾಲಿ ಮುಳ್ಳಿನ ಬುಡ ಮುಟ್ಟಿದರೆ, ಮರುದಿನ ಅಲ್ಲಿ ಗೊರವ ಸಿಗುವುದಿಲ್ಲ. ಹಕ್ಕಿ ಕಡಿಮೆಯಾಗಿಲ್ಲ, ಜಾಗ ಬದಲಿಸಿದೆ, ಅಷ್ಟೇ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಯುತ್ತಿದೆ. ಆ ಸಾಲಿನ ಕೆರೆಯಲ್ಲಿ ನೀರು ವರ್ಷವಿಡೀ ನಿಂತಿರುವುದರಿಂದ ಮಟ್ಟಕ್ಕೂ ಮಳೆಗೂ ನೇರ ನಂಟು ಸಿಗುವುದಿಲ್ಲ. ನೀರುಕಾಗೆ, ನಾಮದ ಕೋಳಿ, ಹೆಜ್ಜಾರ್ಲೆ ನೋಡಲು ಅಲ್ಲಿಗೆ ಹೋಗಿ. ಈ ಎಣಿಕೆಗೆ ಮಾತ್ರ ಮಳೆನೀರನ್ನೇ ನಂಬಿದ ಕೆರೆ ಆರಿಸಿಕೊಳ್ಳಬೇಕು.

ಸ್ವಾತಿ, ವಿಶಾಖ

ಬಾತುಗಳು ಬಂದಿವೆ, ಗುರುತಿಸುವುದೇ ಕಷ್ಟ. ಬಿಳಿಹುಬ್ಬಿನ ಬಾತಿನ ಗಂಡಿಗೆ ಆ ಬಿಳಿ ಹುಬ್ಬು ಈಗ ಇರುವುದಿಲ್ಲ. ಡಿಸೆಂಬರ್ ದಾಟಿದರೂ ಹೆಣ್ಣಿನಂತೆ ಕಂದಾಗಿಯೇ ಇರುತ್ತದೆ. ಚಿತ್ರಪಟದಲ್ಲಿ ನೋಡಿದ ಗಂಡನ್ನು ಹುಡುಕಿದರೆ ಇಡೀ ಹಿಂಡು ತಪ್ಪಿಹೋಗುತ್ತದೆ. ಮುಖದ ಮೇಲಿನ ಗೆರೆಗಳನ್ನೂ ಕೊಕ್ಕಿನ ಬುಡದ ತಿಳಿ ಬೊಟ್ಟನ್ನೂ ನೋಡಬೇಕು. ಹಾರಿದಾಗ ಗಂಡಿನ ಮುಂದೋಳು ನೀಲಿ ಬೂದಾಗಿ ಹೊಳೆಯುತ್ತದೆ. ಸೂಜಿಬಾಲದ ಬಾತನ್ನು ಬಾಲ ಬೆಳೆಯುವ ಮುಂಚೆ ಉದ್ದ ಕತ್ತು, ಬೂದು ಕೊಕ್ಕಿನಿಂದ ಹಿಡಿಯಬಹುದು.

ಮೋಡ ಕವಿದ ಬೆಳಗಿಗೆ 10x42ಗಿಂತ 8x42 ದುರ್ಬೀನು ಮೇಲು. 8, 10 ಎಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರುತ್ತದೆ ಎಂಬುದು, 42 ಎಂದರೆ ಮುಂಗಾಜಿನ ಅಗಲ ಮಿಲಿಮೀಟರ್‌ನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್, 10ರಿಂದಾದರೆ 4.2. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ಅಗಲ. ಮಬ್ಬಿನಲ್ಲಿ ಆ ಒಂದು ಮಿಲಿಮೀಟರ್ ಗೊತ್ತಾಗುತ್ತದೆ, ಗಾಳಿಗೆ ಕೈ ನಡುಗಿದರೂ 8x ತಡೆಯುತ್ತದೆ. 20ರಿಂದ 60 ಪಟ್ಟಿನವರೆಗಿನ ಸ್ಕೋಪ್ (ಒಂಟಿಗಣ್ಣಿನ ದೂರದರ್ಶಕ) ಇದ್ದರೆ ಗಾಳಿಯಲ್ಲಿ 30 ದಾಟಿಸಬೇಡಿ. ಟ್ರೈಪಾಡ್‌ನ ನಡುಗಂಬ ಪೂರ್ತಿ ಇಳಿಸಿ, ಕೊಕ್ಕೆಗೆ ಕಲ್ಲು ತುಂಬಿದ ಚೀಲ ಕಟ್ಟಿ; ಚೀಲ ನೆಲಕ್ಕೆ ತಾಗುತ್ತಿರಲಿ, ತೂಗಾಡಿದರೆ ಅದೇ ಅಲುಗಾಡಿಸುತ್ತದೆ. ಗಾಜಿನ ಮೇಲಿನ ಹನಿಯನ್ನು ಅಂಗಿಯಂಚಿನಲ್ಲಿ ಒರೆಸಬಾರದು, ಅಂಟಿದ ಮಣ್ಣಿನ ಕಣ ಗಾಜನ್ನೇ ಗೀಚುತ್ತದೆ. ಮೊದಲು ಊದಿ, ಆಮೇಲೆ ಮೆತ್ತನೆ ಬಟ್ಟೆ. ಪ್ಲಾಸ್ಟಿಕ್ ರೈನ್‌ಕೋಟ್ ಗಾಳಿಗೆ ಪಟಪಟ ಎನ್ನುತ್ತದೆ, ಹಕ್ಕಿ ಎದ್ದುಹೋಗುತ್ತದೆ. ಕಂಬಳಿಕೊಪ್ಪೆಯೋ ಗೋಣಿಕೊಪ್ಪೆಯೋ ಎಷ್ಟೋ ವಾಸಿ. ಹನಿ ಬಿದ್ದ ಫೋನ್ ಬೆರಳಿನ ಮಾತು ಕೇಳುವುದಿಲ್ಲ, ಆದ್ದರಿಂದ ಪೆನ್ಸಿಲ್ಲು ಮತ್ತು ಪುಟ್ಟ ಪುಸ್ತಕ.

ಅನೂರಾಧ: ಸೈಕ್ಲೋನ್ ಜಡಿ

ಈ ಭಾಗಕ್ಕೇ ಇಷ್ಟೆಲ್ಲ ತಯಾರಿ. ಚೆನ್ನೈ ಕರಾವಳಿ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 230 ಕಿಲೋಮೀಟರ್. ಬಿರುಗಾಳಿ ಅಲ್ಲಿ ದಡ ಹತ್ತಿ ಸೊರಗಿದ ಮೇಲೆ ನಮಗೆ ಸಿಗುವುದು ಮೂಡಗಾಳಿ ಮತ್ತು ಬಿಡದ ಸೋನೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿ ಬಳಿ ದಡ ಹತ್ತಿದಾಗಲೂ ಮುಂದಿನ ದಿನಗಳಲ್ಲಿ ಕೋಲಾರಕ್ಕೆ ಬಂದದ್ದು ಇದೇ ಜಡಿ.

ನಮ್ಮ ಕೆರೆಯ ಏರಿ ಮೂಡಣಕ್ಕಿದೆ. ಮೂಡಗಾಳಿ ಬೀಸಿದಾಗ ಏರಿಯೇ ಗೋಡೆಯಾಗಿ ಅದರ ಬುಡದ ನೀರು ಅಲೆಯಿಲ್ಲದೆ ನಿಂತಿರುತ್ತದೆ. ಆಚೆ ದಡದಲ್ಲಿ ಅಲೆ ಬಡಿಯುತ್ತಿರುತ್ತದೆ. ಬಾತು, ಗುಳುಮುಳುಕ ಎಲ್ಲ ಈ ಮರೆಗೆ ಬರುತ್ತವೆ. ಉಳಿದ ದಿನ ಸ್ಕೋಪಿಗೂ ದೂರವಾದ ಹಿಂಡು ಕಲ್ಲೆಸೆತದ ದೂರದಲ್ಲಿರುತ್ತದೆ. ಏರಿ ನೆತ್ತಿಯ ಮೇಲೆ ನಡೆದರೆ ಆಕಾಶಕ್ಕೆ ಎದುರಾಗಿ ಆಳು ಕಪ್ಪಗೆ ಕಂಡು ಎಲ್ಲ ಒಟ್ಟಿಗೆ ಏಳುತ್ತವೆ. ಹೊರ ಇಳಿಜಾರಿನಲ್ಲೇ ನಡೆದು, ಮರದ ಬೊಡ್ಡೆಯ ಪಕ್ಕದಲ್ಲಿ ತಲೆಯಷ್ಟೇ ಮೇಲೆತ್ತಬೇಕು. ಹಸಿ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಕೋಲಿನಿಂದ ತಡವಿ ಹೆಜ್ಜೆಯಿಡಿ. ಕೋಡಿ ಹರಿಯುತ್ತಿದ್ದರೆ ದಾಟಬೇಡಿ, ಮೊಣಕಾಲುದ್ದದ ನೀರೂ ಪಾಚಿಗಲ್ಲಿನ ಮೇಲೆ ಕಾಲು ಕೀಳುತ್ತದೆ.

ಎಣಿಕೆ ಹೀಗೆ: ಹಿಂಡಿನ ಅಂಚಿನಲ್ಲಿ 10 ಹಕ್ಕಿ ನಿಜವಾಗಿ ಎಣಿಸಿ, ಅಷ್ಟಗಲವನ್ನು ಕಣ್ಣಲ್ಲಿ ಹಿಡಿದು, ಹಿಂಡಿನ ಮೇಲೆ ಅಚ್ಚೊತ್ತುತ್ತ ಹೋಗುವುದು. ಮೂರು ಸಲ ಮಾಡಿ ನಡುವಿನ ಸಂಖ್ಯೆ ಬರೆಯುವುದು. ಜೌಗು ಸೆಳೆವ ಎಂಬ ಬೇಟೆಹಕ್ಕಿ ಬಂದರೆ ಇಡೀ ಕೆರೆ ಏಳುತ್ತದೆ, ಅರ್ಧ ಎಣಿಸಿದ್ದನ್ನು ಮುಂದುವರಿಸದೆ ಮೊದಲಿನಿಂದ ಶುರು ಮಾಡಬೇಕು.

ಆಮೇಲೆ ಗೊರವ. ಕೆರೆ ತುಂಬಿದ ದಿನ ಅವು ತರಿ ಹೊಲದಲ್ಲೂ ನೀರು ನಿಂತ ರಾಗಿ ಕೂಳೆಯಲ್ಲೂ ಇರುತ್ತವೆ. ಕೆರೆ ಒಬ್ಬರು, ಹೊಲ ಒಬ್ಬರು, ಒಂದೇ ಗಳಿಗೆಯಲ್ಲಿ ಎಣಿಸದಿದ್ದರೆ ಒಂದೇ ಹಿಂಡು ಎರಡು ಪಟ್ಟಿಗೂ ಸೇರುತ್ತದೆ. ನಮ್ಮ ಮೊದಲ ವಾರಗಳ ಲೆಕ್ಕದಲ್ಲಿ ಈ ತಪ್ಪಿದೆ, ಅದನ್ನು ಪುಸ್ತಕದಲ್ಲಿ ಗುರುತು ಹಾಕಿದ್ದೇವೆ. ಬದುವಿನ ಮೇಲೆ ನಿಂತ ಹಕ್ಕಿಗೆ ಹುಬ್ಬಿನ ಬಿಳಿ ಗೆರೆ ಕಣ್ಣಿನ ಹಿಂದಕ್ಕೂ ಸಾಗಿ, ಕಾಲು ಹಳದಿಯಿದ್ದರೆ ಅಡವಿ ಗದ್ದೆಗೊರವ. ಗೆರೆ ಕಣ್ಣಿನ ಮುಂದಷ್ಟೇ ಇದ್ದು ಬೆನ್ನು ಕಪ್ಪಾಗಿದ್ದರೆ ಹಸಿರು ಗದ್ದೆಗೊರವ. ಸಂಶಯವಿದ್ದರೆ ಹಾರುವವರೆಗೆ ಕಾಯಿರಿ: ಹಸಿರಿನದಕ್ಕೆ ರೆಕ್ಕೆಯಡಿ ಕಪ್ಪು, ಸೊಂಟ ಬೆಳ್ಳಗೆ ಫಳಕ್ಕನೆ ಕಾಣುತ್ತದೆ, ಅಡವಿಯದಕ್ಕೆ ರೆಕ್ಕೆಯಡಿ ಮಾಸಲು, ಕೂಗು ಚುರುಕಾಗಿ ಚಿಫ್ ಚಿಫ್ ಚಿಫ್. ಹೆಜ್ಜೆಗೊಮ್ಮೆ ಹಿಂಬದಿ ಕುಣಿಸುತ್ತ, ಹೆಗಲ ಮುಂದೆ ಬಿಳಿ ಚೂಪು ತೋರುವುದು ಮೂರನೆಯದು, ಸಾಮಾನ್ಯ ಗದ್ದೆಗೊರವ. ಇದೊಂದು ಮಾತ್ರ ಕೆರೆ ತುಂಬಿದರೂ ಏರಿಯ ಕಲ್ಲುಗಳ ಮೇಲೇ ಉಳಿದುಕೊಳ್ಳುತ್ತದೆ.

ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಕೆರೆ, ಹೊಲ, ಕುಂಟೆ ಬೇರೆ ಬೇರೆ ಪಟ್ಟಿ. ತೂಬಿನ ಮಟ್ಟ ಮತ್ತು ಗಾಳಿಯ ದಿಕ್ಕು ಷರಾದಲ್ಲಿ. ಮುಂದಿನ ಎಣಿಕೆ ಕೋಡಿ ನಿಂತ ನಾಲ್ಕನೇ ದಿನ, ಬೆಳಿಗ್ಗೆ 6.30ಕ್ಕೆ. ಬಿಸಿಲು ಬಿದ್ದರೆ ಏರಿ ಮೇಲಿಂದ ನೋಡುವವರಿಗೆ ಸೂರ್ಯ ಬೆನ್ನಿಗಿರುತ್ತಾನೆ.