ಚಾರ್ಜರ್ ಬಂತು, ಪ್ಯಾಕುಗಳಿಗೆಲ್ಲ ಒಂದೇ ಕನೆಕ್ಟರ್ ಆಯ್ತು

ಈ ಸಲ ರಿಮೋಟ್ ಬಗ್ಗಿಯ (ಆಟದ ಕಾರು) ಗೇರ್ ಕೆಲಸ, ರಿಮೋಟ್ ವಿಮಾನದ ರೆಕ್ಕೆ ಕೆಲಸ ಎರಡನ್ನೂ ಪಕ್ಕಕ್ಕಿಟ್ಟು ಬರೀ ಬ್ಯಾಟರಿ ಹಿಡಿದು ಕೂತಿದ್ದೆ. ಮನೆಯಲ್ಲಿರುವ ಪ್ಯಾಕುಗಳು ಒಂದಕ್ಕೊಂದು ಹೊಂದುವುದಿಲ್ಲ. 1:10 ಅಳತೆಯ ಬಗ್ಗಿಯ ಹಳೆಯ 7.2 ವೋಲ್ಟಿನ ನಿಕಲ್ ಪ್ಯಾಕಿಗೆ ಟಾಮಿಯಾ ಪ್ಲಗ್. ಅದೇ ಬಗ್ಗಿಗೆ ತಂದ 2ಎಸ್ (ಸಾಲಾಗಿ ಎರಡು ಸೆಲ್) 5000 ಎಂಎಎಚ್ ಲೈಪೊಗೆ (ಲಿಥಿಯಂ ಪಾಲಿಮರ್ ಬ್ಯಾಟರಿ) ಟಿ-ಪ್ಲಗ್. ಫೋಮ್ ವಿಮಾನದ 3ಎಸ್ 2200ಕ್ಕೆ ಹಳದಿ ಎಕ್ಸ್‌ಟಿ60. ಇವುಗಳಿಗೆಲ್ಲ ಇದ್ದದ್ದು ವಿಮಾನದ ಜೊತೆ ಬಂದ ಮೂರು ದೀಪದ ಬಿ3 ಚಾರ್ಜರ್ ಒಂದೇ.

ಬಿ3 ಕೆಟ್ಟದ್ದಲ್ಲ, ಆದರೆ ಬಹಳ ನಿಧಾನ. ಬ್ಯಾಲೆನ್ಸ್ ವೈರಿನ (ಪ್ರತಿ ಸೆಲ್ಲಿನಿಂದ ಬರುವ ತೆಳು ವೈರು) ಮೂಲಕ ಒಂದೊಂದು ಸೆಲ್ಲಿಗೂ ಸುಮಾರು 800 ಮಿಲಿಆಂಪ್ ಕೊಡುತ್ತದೆ. 2200ರ ಪ್ಯಾಕಿಗೆ ಮೂರು ತಾಸು ಸಾಕು, 5000ದ್ದಕ್ಕೆ ಆರು ತಾಸು ದಾಟುತ್ತದೆ. ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಆರು ತಾಸು ಸತತ ಕರೆಂಟ್ ಇರುತ್ತದೆ ಎಂದು ನಂಬಿ ಯಾವ ಯೋಜನೆಯನ್ನೂ ಹಾಕಲಾಗದು. ಸೆಲ್ಲುಗಳ ವೋಲ್ಟೇಜ್ ಎಷ್ಟಿದೆ ಎಂದು ಅದು ತೋರಿಸುವುದಿಲ್ಲ, ಪ್ಯಾಕನ್ನು ಎತ್ತಿಡುವ ಮಟ್ಟಕ್ಕೆ ತರುವ ಸ್ಟೋರೇಜ್ ಮೋಡ್ ಕೂಡ ಇಲ್ಲ. ನಿಕಲ್ ಪ್ಯಾಕಿಗಂತೂ ಅದು ಕೆಲಸಕ್ಕೇ ಬರುವುದಿಲ್ಲ.

ಹೊಸ ಚಾರ್ಜರ್ ನೋಡುವಾಗ ನಾನು ಮೊದಲು ಲೆಕ್ಕ ಹಾಕಿದ್ದು ವ್ಯಾಟ್. ಬಹಳ ಜನ ಆಂಪಿಯರ್ ಅಷ್ಟೇ ನೋಡಿ ಕೊಳ್ಳುತ್ತಾರೆ, ಅದು ಸಾಲದು. ಲೈಪೊ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. 1ಸಿ ವೇಗದಲ್ಲಿ, ಅಂದರೆ ಸುಮಾರು ಒಂದು ತಾಸಿನಲ್ಲಿ ತುಂಬುವ ಹಾಗೆ ಹಾಕಿದರೆ, 3ಎಸ್ 2200ಕ್ಕೆ 12.6 ವೋಲ್ಟ್ ಗುಣಿಸು 2.2 ಆಂಪ್, ಹತ್ತಿರ ಹತ್ತಿರ 28 ವ್ಯಾಟ್. 2ಎಸ್ 5000ಕ್ಕೆ 8.4 ಗುಣಿಸು 5, ಅಂದರೆ 42 ವ್ಯಾಟ್. 50 ವ್ಯಾಟ್, 5 ಆಂಪಿನ ಹಳೆಯ ಬಿ6 ನಮೂನೆಯಲ್ಲಿ ಇದು ಆಗುತ್ತದೆ, ಆದರೆ ಅಂಚಿನಲ್ಲಿ. ಮುಂದೆ 4ಎಸ್ 5000 ತಂದರೆ 16.8 ವೋಲ್ಟಿಗೆ 84 ವ್ಯಾಟ್ ಬೇಕು. ಅದಕ್ಕೇ 100ಕ್ಕಿಂತ ಮೇಲಿನದನ್ನೇ ಆರಿಸಿದೆ. ಐಮ್ಯಾಕ್ಸ್ ಬಿ6 ಹೆಸರಿನ ನಕಲುಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಯಾವ ಚಾರ್ಜರ್ ತಂದರೂ ಮೊದಲ ಸಲ ಬ್ಯಾಲೆನ್ಸ್ ಪ್ಲಗ್ಗಿಗೆ ಮಲ್ಟಿಮೀಟರ್ ಮುಟ್ಟಿಸಿ, ಪರದೆಯ ಅಂಕಿಗೆ ತಾಳೆ ನೋಡಲೇಬೇಕು. ನನ್ನದರಲ್ಲಿ ಪರದೆ 4.20 ಅಂದಾಗ ಮೀಟರ್ 4.19 ಅಂದಿತು. ಸಾಕು.

ಇನ್ನೊಂದು ಆಯ್ಕೆ ನಮ್ಮ ಊರಿನ ಕಾರಣಕ್ಕೇ ಮಾಡಿದ್ದು. ನೇರ ಗೋಡೆಯ ಪ್ಲಗ್ಗಿಗೆ ಸಿಗಿಸುವ ಚಾರ್ಜರ್ ಬಿಟ್ಟು, ಡಿಸಿ ಇನ್‌ಪುಟ್ ಇರುವುದನ್ನು ತಗೊಂಡೆ. ಕರೆಂಟ್ ಇದ್ದಾಗ ಸಿಸಿಟಿವಿ ಅಂಗಡಿಗಳಲ್ಲಿ ಸಿಗುವ 12 ವೋಲ್ಟ್ 10 ಆಂಪ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಡಿಸಿ ಮಾಡುವ ಪೆಟ್ಟಿಗೆ), ಹೋದಾಗ ಹಳೆಯ ಕಾರಿನ ಬ್ಯಾಟರಿ. ಅಣ್ಣನ ಮಗ ಅದನ್ನೇ ಕೇಳಿದ್ದ: "ಕಾಕಾ, ಕರೆಂಟ್ ಹೋತಂದ್ರ ಅರ್ಧಕ್ಕ ನಿಂದರ್ತದೇನು?" ನಿಂದರುತ್ತದೆ, ಆದರೆ ಇನ್‌ಪುಟ್ ವೈರ್ ಕಿತ್ತು ಕಾರಿನ ಬ್ಯಾಟರಿಗೆ ಹಾಕಿ ಮತ್ತೆ ಶುರು ಮಾಡಿದರೆ ಉಳಿದಷ್ಟನ್ನು ತುಂಬಿಕೊಳ್ಳುತ್ತದೆ. ಹೊಲಕ್ಕೆ ಹೋದಾಗಲೂ ಇದೇ ಬ್ಯಾಟರಿ ಜೊತೆಗೆ ಬರುತ್ತದೆ. (ವಿಮಾನಕ್ಕೆ ಕಡಲೆ ಕಿತ್ತ ಹೊಲವೇ ಒಳ್ಳೆಯದು. ತೊಗರಿ ಕೊಯ್ದ ಹೊಲದ ಕೂಳೆ ಮೊಳೆಯಂತೆ ನಿಂತಿರುತ್ತದೆ. ಇಳಿಯುವಾಗ ಫೋಮ್ ಹರಿದರೆ ಅಂಟಿಸಬಹುದು, ಲೈಪೊ ಪೊರೆಗೆ ಚುಚ್ಚಿದರೆ ಬೆಂಕಿ.)

ಚಾರ್ಜರ್ ಪ್ಯಾಕನ್ನು ಎಷ್ಟು ವೇಗದಲ್ಲಿ ಇಳಿಸುತ್ತದೆ ಎನ್ನುವ ಡಿಸ್‌ಚಾರ್ಜ್ ವ್ಯಾಟನ್ನು ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನೂ ಓದಿ. ಪೂರ್ತಿ ತುಂಬಿಟ್ಟ ಪ್ಯಾಕ್ ದಿನಗಟ್ಟಲೆ ಹಾಗೇ ಕೂತರೆ ಉಬ್ಬುತ್ತದೆ. ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿ ಇಡಬೇಕು. 5 ವ್ಯಾಟಿನಲ್ಲಿ ಇಳಿಸುವ ಚಾರ್ಜರ್ 2ಎಸ್ 5000ವನ್ನು ಅಲ್ಲಿಗೆ ತರಲು ಮೂರು ತಾಸಿಗಿಂತ ಹೆಚ್ಚು ತಿನ್ನುತ್ತದೆ. ನಮ್ಮ ಕಡೆ ಮಳೆ ಬಂದರೆ ಕಪ್ಪು ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬಗ್ಗಿ ಓಡುವುದೇ ಇಲ್ಲ. ತುಂಬಿಸಿಟ್ಟ ಪ್ಯಾಕ್ ಹಾಗೇ ಉಳಿಯುವ ಸಂದರ್ಭ ಮಳೆಗಾಲದಲ್ಲಿ ಮೇಲಿಂದ ಮೇಲೆ ಬರುತ್ತದೆ.

ಕನೆಕ್ಟರಿಗೆ ಬರುತ್ತೇನೆ. ಎಲ್ಲಕ್ಕೂ ಎಕ್ಸ್‌ಟಿ60 ಎಂದು ತೀರ್ಮಾನಿಸಿದೆ. ಟಾಮಿಯಾ ಪ್ಲಗ್ಗಿನ ತೆಳು ತಗಡಿನ ಪಿನ್ನು ಲೈಪೊ ಕೊಡುವ ಕರೆಂಟಿಗೆ ಬಿಸಿಯಾಗಿ ಪ್ಲಗ್ಗಿನ ಪ್ಲಾಸ್ಟಿಕ್ಕೇ ಮೆತ್ತಗಾಗುತ್ತದೆ. ಟಿ-ಪ್ಲಗ್ ಕರೆಂಟ್ ತಡೆಯುತ್ತದೆ, ಆದರೆ ಬೆವರಿದ ಕೈಯಲ್ಲಿ ಎಳೆದು ಬಿಡಿಸುವುದು ಕಷ್ಟ. ಎಕ್ಸ್‌ಟಿ60ರಲ್ಲಿ 3.5 ಮಿಲಿಮೀಟರಿನ ದುಂಡು ಪಿನ್ನು, 60 ಆಂಪಿನ ಲೆಕ್ಕ, ಒಂದು ಬದಿ ಓರೆ ಇರುವುದರಿಂದ ತಿರುಗುಮುರುಗಾಗಿ ಕೂರುವುದಿಲ್ಲ. ಅಡಾಪ್ಟರ್ ಹಾಕಿ ನಡೆಸಬಹುದಿತ್ತು. ಆದರೆ ಪ್ರತಿ ಅಡಾಪ್ಟರ್ ಎಂದರೆ ಇನ್ನೊಂದು ಜೋಡಣೆ, ಇನ್ನಷ್ಟು ಬಿಸಿ. ನಿಕಲ್ ಪ್ಯಾಕಿಗೆ ಮಾತ್ರ ಟಾಮಿಯಾ ಬಿಟ್ಟಿದ್ದೇನೆ, ಲೈಪೊ ಮೋಡಿನಲ್ಲಿ ಅದನ್ನು ಯಾರೂ ಮರೆತು ಸಿಗಿಸಬಾರದು ಎಂದು.

ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಸೋಲ್ಡರಿಂಗ್ ಐರನ್ ಕೇಳಿದಾಗ ಅಂಗಡಿಯವರು ಒಳ್ಳೆಯ ಮಾತು ಹೇಳಿದರು: "ದಪ್ಪ ವೈರಿಗಾದ್ರ ಮೊಬೈಲ್ ರಿಪೇರಿದು ಬ್ಯಾಡ್ರಿ ಸರ, 60 ವ್ಯಾಟಿಂದು ಒಯ್ರಿ." ನಿಜ. 12 ಗೇಜಿನ ಸಿಲಿಕಾನ್ ವೈರ್ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. 25 ವ್ಯಾಟಿನದು ಹಿಡಿದಷ್ಟು ಹೊತ್ತೂ ತವರ ಕರಗುವುದಿಲ್ಲ, ಅಷ್ಟರಲ್ಲಿ ಪ್ಲಗ್ಗಿನ ನೈಲಾನ್ ಮೆತ್ತಗಾಗಿ ಪಿನ್ನು ವಾಲುತ್ತದೆ. ಅಗಲ ಮೊನೆ ಹಾಕಿ, ಹೆಣ್ಣು ಪ್ಲಗ್ಗಿಗೆ ಒಂದು ಗಂಡು ಪ್ಲಗ್ ಸಿಗಿಸಿಕೊಂಡೇ ಬೆಸೆದೆ. ಹಾಗೆ ಮಾಡಿದರೆ ಪಿನ್ನು ನೆಟ್ಟಗೆ ನಿಲ್ಲುತ್ತದೆ. ಮೊದಲು ವೈರಿನ ತುದಿಗೆ ತವರ, ಆಮೇಲೆ ಪಿನ್ನಿನ ಬಟ್ಟಲಿಗೆ ತವರ, ಕೊನೆಗೆ ಎರಡನ್ನೂ ಕೂಡಿಸಿ ಐರನ್ ಒತ್ತಿದಾಗ ಮೇಲ್ಮೈ ಕನ್ನಡಿಯ ಹಾಗೆ ಹೊಳೆದು, ವೈರ್ ತಾನಾಗಿಯೇ ಒಳಗೆ ಇಳಿಯುತ್ತದೆ. ತೆಗೆದು ಅಲ್ಲಾಡಿಸದೆ ಹಿಡಿದರೆ ಮುಗಿಯಿತು. ಪ್ಯಾಕಿನ ಕಡೆ ಒಂದು ವೈರ್ ಕತ್ತರಿಸಿ, ಬೆಸೆದು, ಸ್ಲೀವ್ (ಬೆಸುಗೆ ಮುಚ್ಚುವ ಕೊಳವೆ) ಮುಚ್ಚಿದ ಮೇಲೆಯೇ ಎರಡನೆಯದನ್ನು ಕತ್ತರಿಸಬೇಕು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಟ್ಟರೇ ಶಾರ್ಟ್ ಮಾಡುತ್ತದೆ. ಸ್ಲೀವನ್ನು ಬೆಸೆಯುವ ಮೊದಲೇ ವೈರಿಗೆ ಏರಿಸಿಡಿ.

ಚಾರ್ಜ್ ಮಾಡುವ ಜಾಗ ಹಿತ್ತಿಲ ಕಟ್ಟೆಯ ಮೇಲೆ, ಶಹಾಬಾದ್ ಫರಸಿ ಹಾಸಿದಲ್ಲಿ. ಹತ್ತಿರ ಸುಡುವಂಥದ್ದು ಏನೂ ಇಲ್ಲ, ಪಕ್ಕದಲ್ಲಿ ಒಣ ಉಸುಕಿನ ಬಕೆಟ್. ಹೆಚ್ಚಿನ ಪ್ಯಾಕುಗಳಿಗೆ ಚಾರ್ಜಿಂಗಿನ ಮಿತಿ 45 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 42 ದಾಟುವ ಊರಿನಲ್ಲಿ ಬೆಳಗಿನ ಆರರೊಳಗೆ ಕೆಲಸ ಮುಗಿಸುವುದೇ ಸರಿ. ಆಗಷ್ಟೇ ಓಡಿಸಿ ತಂದ ಬಿಸಿ ಪ್ಯಾಕನ್ನು ಹಾಗೇ ಚಾರ್ಜಿಗೆ ಹಾಕುವುದಂತೂ ಇಲ್ಲ.

ಹೊಸ ಚಾರ್ಜರ್ ಸೆಲ್ಲುಗಳ ಒಳರೋಧವನ್ನೂ ತೋರಿಸುತ್ತದೆ; ಅದು ಹೆಚ್ಚಿದ್ದಷ್ಟೂ ಸೆಲ್ ದುರ್ಬಲ. 3ಎಸ್ ಪ್ಯಾಕ್ ಒಂದರಲ್ಲಿ 7, 8, 19 ಮಿಲಿಓಮ್ ಬಂತು. ವೋಲ್ಟೇಜ್ ಮೂರರದ್ದೂ ಸಮ, ಚಾರ್ಜ್ ಮುಗಿದಾಗ ಬಿ3ಯ ದೀಪಗಳೂ ಯಾವಾಗಲೂ ಹಸಿರೇ. ಆದರೆ ಥ್ರಾಟಲ್ ಕೊಟ್ಟಾಗ ಮೊದಲು ಕುಸಿಯುವುದು ಆ ಮೂರನೆಯ ಸೆಲ್. ಆ ಪ್ಯಾಕನ್ನು ವಿಮಾನದಿಂದ ತೆಗೆದು, ಟೇಬಲ್ ಮೇಲೆ ಸರ್ವೊ (ಚಕ್ರ, ರೆಕ್ಕೆ ತಿರುಗಿಸುವ ಸಣ್ಣ ಮೋಟಾರ್) ಪರೀಕ್ಷೆಗೆ ಇಟ್ಟಿದ್ದೇನೆ.

ಬಾಕಿ: ಬಗ್ಗಿಯ ಇಎಸ್‌ಸಿಯನ್ನು (ಮೋಟಾರಿನ ವೇಗ ನಿಯಂತ್ರಕ) ಲೈಪೊ ಕಟ್‌ಆಫ್‌ಗೆ, ಅಂದರೆ ಸೆಲ್ ತೀರಾ ಇಳಿಯುವ ಮೊದಲೇ ಮೋಟಾರ್ ನಿಲ್ಲಿಸುವ ಮೋಡಿಗೆ, ಬದಲಿಸುವುದು, ಕಾರಿನ ಬ್ಯಾಟರಿ ವೈರಿಗೆ 15 ಆಂಪಿನ ಫ್ಯೂಸ್ ಹಾಕುವುದು. ಫ್ಯೂಸ್ ಮೊದಲು.