ಬಿಂದುವನ್ನು ಎಳೆದು ತೋರಿಸುವುದು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಗಣಿತ ಟೀಚರ್. ನಮ್ಮ ಮಕ್ಕಳಿಗೆ ಯೂಟ್ಯೂಬಿನಲ್ಲಿ ಪಾಠ ಹುಡುಕುವುದು ಕಷ್ಟ. ಕರ್ನಾಟಕದವರ ವಿಡಿಯೊ ಕನ್ನಡದಲ್ಲಿರುತ್ತದೆ, ಪಠ್ಯ ಬೇರೆ. ಕೇರಳದ ಪಠ್ಯದ್ದು ಸಿಕ್ಕಿದರೆ ಹೆಚ್ಚಿನವು ಮಲಯಾಳದಲ್ಲಿ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ಜೂನ್‌ನಲ್ಲಿ ಕೇರಳ ಸರಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾಗಿ ಕನ್ನಡದ ಪಾಠಗಳೂ ಬಂದಾಗ ಎಷ್ಟು ಖುಷಿಯಾಗಿತ್ತು! ನಾನೂ ಪಾಠದ ವಿಡಿಯೊ ರೆಕಾರ್ಡ್ ಮಾಡಲು ಕಲಿತದ್ದು ಆಗಲೇ. ಶಾಲೆ ತೆರೆದ ಮೇಲೂ ಬಿಟ್ಟಿಲ್ಲ.

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್‌ನವರು ಕೊಟ್ಟ ಉಬುಂಟು (ವಿಂಡೋಸ್‌ನಂಥದ್ದೇ, ಆದರೆ ಉಚಿತ) ಇದೆ, ಅದರಲ್ಲಿ ರೇಖಾಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾ ಇದೆ. ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ ಹಾಕಿಕೊಂಡಿದ್ದೇನೆ. ಅದೂ ಉಚಿತ.

ಹತ್ತನೆಯ ತರಗತಿಯ ವೃತ್ತದ ಪಾಠವನ್ನೇ ನೋಡಿ. ವ್ಯಾಸದ ಎರಡು ತುದಿಗಳನ್ನು ವೃತ್ತದ ಮೇಲಿನ ಒಂದು ಬಿಂದುವಿಗೆ ಸೇರಿಸಿದರೆ ಅಲ್ಲಿ 90 ಡಿಗ್ರಿ. ಬಿಂದು ವೃತ್ತದ ಒಳಗಿದ್ದರೆ ಕೋನ ದೊಡ್ಡದು, ಹೊರಗೆ ಹೋದರೆ ಚಿಕ್ಕದು. ಬೋರ್ಡಿನಲ್ಲಿ ಇದಕ್ಕೆ ಮೂರು ಚಿತ್ರ ಬೇಕು. ಮಕ್ಕಳು ಮೂರನ್ನೂ ಬೇರೆ ಬೇರೆ ಸಂಗತಿ ಅಂತ ಬರೆದುಕೊಳ್ಳುತ್ತಾರೆ. ಜಿಯೋಜೀಬ್ರಾದಲ್ಲಿ ಒಂದೇ ಚಿತ್ರ ಸಾಕು. ಬಿಂದುವನ್ನು ಮೌಸಿನಿಂದ ಮೆಲ್ಲಗೆ ಎಳೆಯುವುದು. 90ರಲ್ಲಿದ್ದ ಸಂಖ್ಯೆ 97, 110 ಅಂತ ಏರುತ್ತದೆ. ಹೊರಗೆ ತಂದರೆ 80, 65. ನಾನು ನಿಯಮ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ.

ರೆಕಾರ್ಡ್ ಮಾಡುವಾಗ ಪೂರ್ತಿಯಾದ ಚಿತ್ರ ಇಟ್ಟುಕೊಂಡು ವಿವರಿಸಬೇಡಿ. ಖಾಲಿ ಪರದೆಯಿಂದ ಶುರುಮಾಡಿ, ಮಗು ಪುಸ್ತಕದಲ್ಲಿ ಬಿಡಿಸುವಷ್ಟೇ ನಿಧಾನವಾಗಿ ಬಿಡಿಸಿ. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ನೆ ಇರಿ. ಆ ಮೌನವನ್ನು ಆಮೇಲೆ ಕತ್ತರಿಸಲೂ ಬೇಡಿ. ಯೋಚಿಸಲು ಮಗುವಿಗೆ ಸಿಗುವುದು ಅಷ್ಟೇ ಹೊತ್ತು ಅಲ್ವಾ?

ಇನ್ನೊಂದು, ನಮ್ಮೂರಿನ ಮಳೆ. ಒಂದು ಜುಲೈ ರಾತ್ರಿ ಅರ್ಧ ಗಂಟೆ ರೆಕಾರ್ಡ್ ಮಾಡಿದ್ದೆ. ಆಗಲೇ ಬ್ಯಾಟರಿ ಸತ್ತಿದ್ದ ಲ್ಯಾಪ್‌ಟಾಪ್ ಅದು. ಕರೆಂಟು ಹೋಯಿತು. ಎಂಪಿ4 ಫೈಲ್ ತೆರೆಯಲೇ ಇಲ್ಲ, ಪೂರ್ತಿ ಹಾಳು. ಅಂದಿನಿಂದ ಒಬಿಎಸ್‌ನಲ್ಲಿ ಎಂಪಿ4 ಬದಲು ಎಂಕೆವಿ ಎಂಬ ಇನ್ನೊಂದು ಬಗೆಯ ವಿಡಿಯೊ ಫೈಲ್ ಇಟ್ಟಿದ್ದೇನೆ. ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ ‘ರೀಮಕ್ಸ್’ನಲ್ಲಿ ಎಂಪಿ4 ಮಾಡಿಕೊಳ್ಳಬಹುದು. ಸದ್ದು ತಗ್ಗಿಸುವ ಫಿಲ್ಟರ್ ಹಾಕಿದರೆ ಫ್ಯಾನಿನ ಸದ್ದು ಹೋಗುತ್ತದೆ, ತಗಡಿನ ಮಾಡಿನ ಮೇಲೆ ಬೀಳುವ ಮಳೆಯದ್ದು ಹೋಗುವುದಿಲ್ಲ. ಹಾಗಾಗಿ ಮಳೆ ಬಿಟ್ಟ ಬೆಳಗಿನ ಜಾವ ಎದ್ದು ಮಾಡುತ್ತೇನೆ.

ಐದು ನಿಮಿಷದ ವಿಡಿಯೊ 15 ಎಂಬಿ ದಾಟದಂತೆ ನೋಡಿಕೊಳ್ಳುತ್ತೇನೆ. ಗೆರೆ, ಬಿಂದುಗಳಿಗೆ ಸೆಕೆಂಡಿಗೆ 10 ಫ್ರೇಮ್ ಸಾಕು. ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಫೋನ್ ಇರುವುದು ಅಪ್ಪನ ಕೈಯಲ್ಲಿ. ತೋಟದ ಕೆಲಸ ಮುಗಿಸಿ ಅಪ್ಪ ಬಂದ ಮೇಲೆ, ಉಳಿದ ಡೇಟಾದಲ್ಲಿ ನೋಡಬೇಕು.

ಹೋದ ವಾರ ಒಬ್ಬಳು ಬಂದಳು. ಮನೆಯಲ್ಲಿ ತುಳು ಮಾತಾಡುವ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದಾಳೆ. “ಟೀಚರ್, ನೀವು 150ರಲ್ಲಿ ನಿಲ್ಲಿಸಿದ್ದೀರಿ. ಇನ್ನೂ ಕೆಳಗೆ ಎಳೆದಿದ್ದರೆ?” ನಾನು ಲ್ಯಾಪ್‌ಟಾಪ್ ತೆರೆದು ಮೌಸ್ ಅವಳ ಕೈಗೇ ಕೊಟ್ಟೆ. ಅವಳು ಬಿಂದುವನ್ನು ವ್ಯಾಸದ ಗೆರೆಯ ಮೇಲೆಯೇ ತಂದಿಟ್ಟಳು. 180. “ಕೋನ ನೇರ ಆಯ್ತು!” ಎಂದಳು.

ಆ ವಿಡಿಯೊವನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿದ್ದೇನೆ. ಅವಳ ಪ್ರಶ್ನೆ ಅದರಲ್ಲಿ ಅವಳ ದನಿಯಲ್ಲೇ ಇದೆ.